ಹೊಳೆಗೆ ಫ್ಯಾಕ್ಟರಿ ನೀರು ಸೇರ್ತಿದೆ, ಊರವರು ಎಲ್ಲಿಂದ ಶುರು ಮಾಡೋದು?

ಹೊಳೆದಂಡೆ:
ನಮ್ಮ ಕಣಿವೇಲಿ ಹೊಳೆ ಮೇಲ್ಗಡೆ ಒಂದು ಫ್ಯಾಕ್ಟರಿ ಇದೆ. ಹಗಲೊತ್ತು ನೀರು ಚೆನ್ನಾಗೇ ಕಾಣ್ಸುತ್ತೆ, ರಾತ್ರಿ ಜೋರು ಮಳೆ ಬಂದ್ರೆ ಮಾತ್ರ ಬೆಳಗ್ಗೆ ದಡದುದ್ದಕ್ಕೂ ನೊರೆ, ಕೊಳೆತ ಮೊಟ್ಟೆ ವಾಸನೆ, ಹೋದ ತಿಂಗಳಂತೂ ಮೀನುಗಳು ಹೊಟ್ಟೆ ಮೇಲಾಗಿ ತೇಲ್ತಿದ್ವು. ಕಂಪ್ಲೇಂಟ್ ಕೊಟ್ವಿ. ಅಧಿಕಾರಿಗಳು ಮೂರು ದಿನ ಬಿಟ್ಟು ಬಂದು ಒಂದು ಬಾಟ್ಲಿ ನೀರು ತಗೊಂಡೋಗಿ ಎಲ್ಲಾ ನಾರ್ಮಲ್ ಅಂತ ಬರೆದುಕೊಟ್ರು. ಈಗ ಅರ್ಧ ಊರು ಗೇಟ್ ಮುಂದೆ ಧರಣಿ ಕೂರೋಣ ಅಂತಿದೆ, ಇನ್ನರ್ಧ ಜನರ ಮನೇಲಿ ಯಾರಾದ್ರೊಬ್ರು ಅಲ್ಲೇ ಕೆಲಸಕ್ಕಿರೋದ್ರಿಂದ ಬಾಯೇ ಬಿಡಲ್ಲ. ಇಂಥದ್ದನ್ನ ನೋಡಿದೋರು ಇದ್ರೆ ದಾರಿ ಹೇಳಿ.

ನೀರುನೋಟ:
ಮೂರು ದಿನ ಆದ್ಮೇಲೆ ಸಿಗೋದು ಬೇರೆ ನೀರು, ಮೀನು ಸಾಯಿಸಿದ ನೀರು ಅಷ್ಟೊತ್ತಿಗೆ ಎಷ್ಟೋ ದೂರ ಹರಿದು ಹೋಗಿರುತ್ತೆ. ಅದಕ್ಕೇ ದಾಖಲೆ ನಿಮ್ಮ ಕೈಲೇ ಇರ್ಬೇಕು. ಒಂದು ನೋಟ್‌ಬುಕ್ ಇಡಿ, ಫ್ಯಾಕ್ಟರಿ ನೀರು ಸೇರೋ ಜಾಗಕ್ಕಿಂತ ಮೇಲೊಂದು ಕಡೆ ಕೆಳಗೊಂದು ಕಡೆ ಗೊತ್ತುಮಾಡ್ಕೊಂಡು ಒಂದೇ ದಿನ ಹತ್ತತ್ರ ಒಂದೇ ಹೊತ್ತಿಗೆ ಎರಡೂ ಕಡೆ ನೋಡಿ ಬರೀರಿ, ಮೇಲ್ಗಡೆ ಲೆಕ್ಕ ಇಲ್ದಿದ್ರೆ ಕೊಳೆ ಊರಿಂದ್ಲೇ ಬಂತು ಅಂದ್ಬಿಡ್ತಾರೆ. ನೀರಲ್ಲಿ ಕರಗಿರೋ ಆಕ್ಸಿಜನ್ ಅಳೆಯೋದಾದ್ರೆ ಬೆಳಕು ಹರಿಯೋ ಮುಂಚೆ ಹೋಗಿ, ಪಾಚಿ ಗಿಡಗಳೂ ರಾತ್ರಿಯೆಲ್ಲಾ ಅದನ್ನೇ ಉಸಿರಾಡೋದ್ರಿಂದ ಆಗ್ಲೇ ಅದು ತೀರಾ ಕಮ್ಮಿ. ಲೀಟರಿಗೆ 5 ಮಿಲಿಗ್ರಾಂಗಿಂತ ಇಳಿದ್ರೆ ಬಹಳಷ್ಟು ಮೀನಿಗೆ ತ್ರಾಸು ಶುರು, 2ರ ಹತ್ರ ಬಂದ್ರೆ ಉಳಿಯೋದು ಕಷ್ಟ.

ಕಲ್ಲಡಿಹುಳ:
ಮೀಟರ್ ಇಲ್ಲ ಅಂತ ಕಾಯ್ಬೇಡಿ. ನೀರೊಳಗಿನ ಕಲ್ಲು ಎತ್ತಿ ಮಗುಚಿ ನೋಡಿ. ಒಳ್ಳೆ ನೀರಾದ್ರೆ ಅಡೀಲಿ ಬಾಲದಲ್ಲಿ ಎರಡು ಮೂರು ಎಳೆ ಇರೋ ಚಪ್ಪಟೆ ಮರಿಹುಳಗಳು ಓಡಾಡ್ತವೆ, ಆಕ್ಸಿಜನ್ ಕಮ್ಮಿಯಾದ್ರೆ ಮೊದಲು ಮಾಯ ಆಗೋದೇ ಅವು. ಕೊಳಕು ಸೇರೋ ಕಡೆ ಕಲ್ಲಿಗೆ ಬೂದು ಬಣ್ಣದ ಲೋಳೆ ಹತ್ತಿ ಕುಳಿತಿರುತ್ತೆ. ನೀರು ಒಂದು ಗಳಿಗೆಯ ಕಥೆ ಹೇಳಿದ್ರೆ ಈ ಹುಳ ತಿಂಗಳುಗಳ ಕಥೆ ಹೇಳುತ್ತೆ. ಸೀಸ, ಕ್ರೋಮಿಯಂ ಥರದ್ದು ಅನುಮಾನ ಇದ್ರೆ ತಳದ ಕೆಸರೂ ಲ್ಯಾಬಿಗೆ ಹೋಗ್ಲಿ, ಅವು ಕೆಸರಲ್ಲೇ ಕೂತಿರ್ತವೆ. ಬಾಟ್ಲಿ ಮಂಜುಗಡ್ಡೆಯಲ್ಲಿಟ್ಟು ಅವತ್ತೇ ತಲುಪಿಸಿ.

ಹಳೇಕಾರ್ಮಿಕ:
ಧರಣಿ ಬೇಡ ಅನ್ನಲ್ಲ, ಆದ್ರೆ ಅದಕ್ಕೂ ಮುಂಚೆ ಒಳಗೆ ಕೆಲಸ ಮಾಡೋರ ಜೊತೆ ಕೂತು ಮಾತಾಡಿ. ಕೇರಳದ ಚಾಲಿಯಾರ್ ಹೊಳೆ ದಡದ ಮಾವೂರು ರೇಯಾನ್ ಫ್ಯಾಕ್ಟರಿ ವಿಷಯ ನೆನಪು ಮಾಡ್ಕೊಳ್ಳಿ, 1985ರಲ್ಲಿ ಮುಚ್ಚಿದ್ದು 1988ರಲ್ಲಿ ಮತ್ತೆ ತೆರೀತು, ಕೊನೆಗೆ ನಿಂತಿದ್ದು 2001ರಲ್ಲಿ. ಹೊಳೆ ಕೊಳಕಾಗೋದರ ವಿರುದ್ಧದ ಹೋರಾಟದ ಮುಂದಾಳು ಕೆ.ಎ. ರಹಮಾನ್ ಅದನ್ನ ನೋಡೋಕೆ ಇರ್ಲಿಲ್ಲ, 1999ರಲ್ಲೇ ಕ್ಯಾನ್ಸರಿಂದ ತೀರ್ಕೊಂಡ್ರು. ಅಷ್ಟೂ ವರ್ಷ ಕೆಲಸ ಬೇಕೋ ಹೊಳೆ ಬೇಕೋ ಅನ್ನೋ ಜಗಳ ಅಕ್ಕಪಕ್ಕದ ಮನೆಗಳನ್ನೇ ಒಡೀತು. ಇನ್ನೊಂದು ಮಾತು, ರಾತ್ರಿ ಯಾವ ವಾಲ್ವ್ ತಿರುಗುತ್ತೆ ಅಂತ ಗೊತ್ತಿರೋದು ಒಳಗಿನವರಿಗೇ. ಜಪಾನಿನ ಮಿನಮಾಟಾದಲ್ಲಿ ಫ್ಯಾಕ್ಟರಿ ಆಸ್ಪತ್ರೆಯ ಡಾಕ್ಟ್ರೇ 1959ರಲ್ಲಿ ಆ ಕೊಳಚೆಯನ್ನ ಬೆಕ್ಕಿಗೆ ತಿನ್ಸಿ, ಅಲ್ಲಿನ ಮೀನು ತಿಂದ ಜನರಿಗೆ ಬರ್ತಿದ್ದ ಕಾಯಿಲೆಯೇ ಅದಕ್ಕೂ ಬರೋದನ್ನ ಕಣ್ಣಾರೆ ಕಂಡಿದ್ರು, ಕಂಪನಿ ಅದನ್ನ ಮುಚ್ಚಿಟ್ಟು 1968ರವರೆಗೂ ಪಾದರಸ ಬಿಡ್ತಾನೇ ಇತ್ತು. ಫ್ಯಾಕ್ಟರಿ ಮುಚ್ಚಿ ಅನ್ನೋ ಬದಲು ಸಂಸ್ಕರಣಾ ಘಟಕ ಇಪ್ಪತ್ನಾಲ್ಕು ಗಂಟೆ ನಡೀಲಿ, ಪರ್ಮಿಟ್ಟಲ್ಲಿ ಏನೇನು ಎಷ್ಟೆಷ್ಟು ಬಿಡಬಹುದು ಅಂತಿದೆಯೋ ಅದನ್ನ ಊರಿಗೆ ತೋರಿಸಿ ಅಂತ ಕೇಳಿದ್ರೆ ಒಳಗೆ ಕೆಲಸ ಮಾಡೋರೂ ನಿಮ್ಮ ಜೊತೆ ನಿಲ್ತಾರೆ.

ಹೊಳೆದಂಡೆ:
ಎಲ್ರಿಗೂ ಥ್ಯಾಂಕ್ಸ್. ಇವತ್ತು ಬೆಳಗ್ಗೆ ನಾವು ನಾಲ್ಕು ಜನ ಹೋಗಿದ್ವಿ. ಮೇಲ್ಗಡೆ ಮಗುಚಿದ ಹತ್ತು ಕಲ್ಲಲ್ಲಿ ಎಂಟರಡೀಲಿ ಆ ಹುಳ ಇತ್ತು, ಕೆಳಗೆ ಹತ್ತರಲ್ಲಿ ಒಂದೂ ಇಲ್ಲ, ಬರೀ ಲೋಳೆ, ಕೈ ತೊಳೆದ್ರೂ ವಾಸನೆ ಹೋಗ್ಲಿಲ್ಲ. ನಮ್ಮ ಜೊತೆ ಬಂದಿದ್ದ ಒಬ್ಬರ ತಮ್ಮ ಅಲ್ಲೇ ನೈಟ್ ಶಿಫ್ಟ್ ಮಾಡ್ತಾನೆ. ಫೋಟೋ ನೋಡಿ ಸುಮ್ನೆ ಕೂತಿದ್ದವನು ಆಮೇಲೆ ನೋಟ್‌ಬುಕ್ ಇಸ್ಕೊಂಡು ಮೂರು ತಾರೀಖು ಬರೆದುಕೊಟ್ಟ.