ಟೇಬಲ್ ತುಂಬ ನಲ್, ಸ್ಕ್ರಿಪ್ಟ್ ತೆವಳುತ್ತಿದೆ: ನಿಮ್ಮ ಅನುಭವ ಹೇಳಿ

ಹೊಸಬ: ಜಿಯೋಡೇಟಾಬೇಸ್ (ನಕ್ಷೆಯ ಮಾಹಿತಿ ಇಡುವ ಡೇಟಾಬೇಸ್) ಟೇಬಲ್. 60 ಕಾಲಂ, 4 ಲಕ್ಷ ಸಾಲು. ನಲ್ (ಮೌಲ್ಯವೇ ತುಂಬದ ಕೋಶ) ಇದ್ದಲ್ಲಿ ಅಂಕಿಗೆ 0, ಉಳಿದದ್ದಕ್ಕೆ ಖಾಲಿ ಅಕ್ಷರ ಹಾಕಬೇಕು. ಪೈಥಾನ್‌ನಲ್ಲಿ ಒಂದೊಂದು ಕಾಲಂಗೂ ಒಂದೊಂದು ಅಪ್‌ಡೇಟ್ ಕರ್ಸರ್ (ಸಾಲು ಸಾಲಾಗಿ ಓದಿ ತಿದ್ದುವ ಸಾಧನ) ತೆರೆಯುತ್ತಿದ್ದೇನೆ. ಮುಗಿಯುವುದೇ ಇಲ್ಲ. ಏನು ಮಾಡಲಿ?

ರಾತ್ರಿಪಾಳಿ: ನಾನೂ ಹಾಗೇ ಕೂತಿದ್ದೆ. 3 ಗಂಟೆ 40 ನಿಮಿಷ ಓಡಿ, ಕೊನೆಗೆ ಲಾಕ್ ಎರರ್. ಆಮೇಲೆ ಎಲ್ಲ ಕಾಲಂ ಒಂದೇ ಕರ್ಸರ್‌ಗೆ ಕೊಟ್ಟೆ, ಸಾಲಿನಲ್ಲಿ ಏನಾದರೂ ಬದಲಾದರೆ ಮಾತ್ರ ಬರೆಯಿಸಿದೆ. 11 ನಿಮಿಷ! ಖುಷಿ ಒಂದು ವಾರವೂ ಉಳಿಯಲಿಲ್ಲ. ನಲ್ ಹುಡುಕಲು ‘ಇಫ್ ನಾಟ್’ ಅಂತ ಬರೆದಿದ್ದೆ. ಅದಕ್ಕೆ 0 ಅಂದರೂ ‘ಇಲ್ಲ’ ಅಂತಲೇ ಲೆಕ್ಕ, ನಿಜವಾದ 0 ಕೂಡ ಸಿಕ್ಕಿಬಿತ್ತು. ಎತ್ತರದ ಕಾಲಂಗೆ ನಾನು ತುಂಬಿದ್ದು -9999. ಸಮುದ್ರಮಟ್ಟದಲ್ಲಿದ್ದ ಬಿಂದುಗಳೆಲ್ಲ ಪಾತಾಳಕ್ಕಿಳಿದವು. ಬ್ಯಾಕಪ್ ಇರಲಿಲ್ಲ. 1,312 ಬಿಂದು ಕೈಯಲ್ಲೇ ತಿದ್ದಿದೆ.

ಪಾಂಡಾಪ್ರೇಮಿ: ಇನ್ನೂ ಕರ್ಸರ್ ಹಿಡಿದು ಕೂತಿದ್ದೀರಾ? ಪೈಥಾನ್‌ನ ಜಿಯೋಪಾಂಡಾಸ್ ಲೈಬ್ರರಿಯಲ್ಲಿ ‘ಫಿಲ್‌ಎನ್‌ಎ’ (ಖಾಲಿ ಜಾಗ ತುಂಬು) ಅಂದರೆ ಆಯ್ತು. ನನಗೆ 40 ಸೆಕೆಂಡು ಸಾಕಾಯಿತು.

ರಾತ್ರಿಪಾಳಿ: ಹೌದಾ? ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲ್) ಓದುವಾಗ ನಿಮ್ಮ ಪಾಂಡಾಸ್ ‘ಎನ್‌ಎ’ ಕಂಡರೆ ಖಾಲಿ ಅಂದುಕೊಳ್ಳುತ್ತದೆ. ನಮೀಬಿಯಾದ ಎರಡಕ್ಷರದ ಸಂಕೇತ ಅದೇ! ನನ್ನ ಟೇಬಲ್‌ನಿಂದ ಒಂದು ದೇಶವೇ ಮಾಯ. ಸಾಲದ್ದಕ್ಕೆ ನಲ್ ಇದ್ದ ಪೂರ್ಣಾಂಕದ ಕಾಲಂ ದಶಮಾಂಶವಾಯಿತು. ವಾರ್ಡ್ 17 ಹೋಗಿ 17.0. ಅದನ್ನು ಅಕ್ಷರ ಮಾಡಿ ಇನ್ನೊಂದು ಟೇಬಲ್ ಜೊತೆ ಜಾಯಿನ್ ಕೊಟ್ಟರೆ ಒಂದೂ ಹೊಂದಲಿಲ್ಲ.

ಪಾಂಡಾಪ್ರೇಮಿ: ‘ಕೀಪ್ ಡಿಫಾಲ್ಟ್ ಎನ್‌ಎ’ ಆಯ್ಕೆ ಆಫ್ ಮಾಡಬೇಕು. ಮ್ಯಾನುಯಲ್ ಓದುವವರಿಗೆ ಗೊತ್ತಿರುತ್ತದೆ. ಅವರು ಬ್ಯಾಕಪ್ಪನ್ನೂ ತೆಗೆದಿಡುತ್ತಾರೆ.

ರಾತ್ರಿಪಾಳಿ: ಬ್ಯಾಕಪ್ ವಿಷಯ ನಾನೇ ಒಪ್ಪಿಕೊಂಡಿದ್ದು. ಅದನ್ನೇ ಎತ್ತಿ ಆಡಬೇಡಿ.

ತೇವಾಂಶ: ಇಬ್ಬರೂ ಸ್ವಲ್ಪ ಸುಮ್ನಿರಿ. ನಲ್‌ಗೆ 0 ತುಂಬುವುದೇ ತಪ್ಪು. ನಲ್ ಅಂದರೆ ಅಳೆದಿಲ್ಲ ಅಂತ, ಸೊನ್ನೆ ಅಂತಲ್ಲ. ಮಣ್ಣಿನ ತೇವದ ಟೇಬಲ್‌ಗೆ ನಾನೂ 0 ತುಂಬಿದ್ದೆ. ಸರಾಸರಿ ನೋಡಿದರೆ ಮರಳುಗಾಡು! ವರದಿ ವಾಪಸ್ ತರಿಸಿಕೊಳ್ಳುವಷ್ಟರಲ್ಲಿ ಮಾನ ಹೋಯಿತು.

ಪಾಂಡಾಪ್ರೇಮಿ: ಶೇಪ್‌ಫೈಲ್ (ಹಳೆಯ ನಕ್ಷೆ ಫೈಲ್ ಮಾದರಿ) ಕೇಳುವವರಿಗೆ ಏನು ಕೊಡ್ತೀರಾ? ಅದರ ಅಂಕಿ ಕಾಲಂನಲ್ಲಿ ಜಿಯೋಡೇಟಾಬೇಸ್‌ನ ನಲ್ ನಲ್ಲಾಗಿ ಉಳಿಯಲ್ಲ.

ತೇವಾಂಶ: ಶೇಪ್‌ಫೈಲ್ ಕೊಡಲ್ಲ. ಅಷ್ಟೇ.

ರಾತ್ರಿಪಾಳಿ: ಹೇಳೋದು ಸುಲಭ. ಸಂಬಳ ಕೊಡುವವರೇ ಕೇಳಿದರೆ?

ಹೊಸಬ: ಒಂದೇ ಕರ್ಸರ್ ಮಾಡಿದೆ, ಚೆನ್ನಾಗಿ ಓಡಿತು. ಆದರೆ ದಿನಾಂಕದ ಕಾಲಂಗೆ ಖಾಲಿ ಅಕ್ಷರ ತುಂಬಲು ಹೋಗಿ ಎರರ್ ಕೊಟ್ಟು ನಿಂತಿದೆ. ಅದಕ್ಕೆ ಏನು ಹಾಕುವುದು?

ತೇವಾಂಶ: ನಲ್.