ಅಪ್‌ಡೇಟ್: ಬದಿಯಡ್ಕದ ಮನೆಯ ಕಾರ್ ಶೆಡ್ ಸರಿಯಾಯ್ತು

ಬದಿಯಡ್ಕದ ಮನೆ ಮಾರುವ ಮೊದಲು ಕಾರ್ ಶೆಡ್‌ಗೆ ದುಡ್ಡು ಹಾಕಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಹೊಸ ಟೈಲ್ಸ್ ಬೇಡ, ಮೊದಲು ಖಾಲಿ ಮಾಡಿ ಅಂದಿದ್ದಿರಿ. ಹಾಗೇ ಮಾಡಿದೆವು.

ಹಳೇ ಗೋಣಿ, ತುಕ್ಕು ಹಿಡಿದ ಸ್ಪ್ರೇ ಪಂಪು, ಟಯರು ಎಲ್ಲ ಗುಜರಿಗೆ ಹೋದವು. ನೆಲದ ಎಂಜಿನ್ ಆಯಿಲ್ ಕಲೆಗೆ ಮರದ ಹುಡಿ ಹಾಕಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಗುಡಿಸಿ, ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ಉಜ್ಜಿದೆವು. ಕಲೆ ಸ್ವಲ್ಪ ಕಾಣುತ್ತದೆ, ಆದರೆ ಜಿಡ್ಡಿಲ್ಲ. ಅಡಿಕೆಗೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ್ದು) ಕಲಸುತ್ತಿದ್ದ ಮೂಲೆಯೇ ಕಷ್ಟದ್ದು. ಮೈಲುತುತ್ತಿನ ನೀಲಿ ಗೋಡೆಯೊಳಗೇ ಇಳಿದಿತ್ತು. ಗೋಡೆಯ ಮುರಕಲ್ಲು (ತೂತು ತೂತಾದ ಕೆಂಪು ಕಲ್ಲು) ಹೀರಿಕೊಳ್ಳುತ್ತದೆ, ಅಲ್ವಾ? ಕೆರೆದು, ಪ್ರೈಮರ್ ಹೊಡೆದು, ಬಿಳಿ ಪೈಂಟ್ ಕೊಟ್ಟೆವು.

ಒಂದು ಮಾತು: ಸುಮ್ನೆ ಪೈಂಟ್ ಬಳಿದು ಸೋರಿಕೆ ಮುಚ್ಚಿಡಬೇಡಿ. ನಮ್ಮಲ್ಲಿ ಸೋರುತ್ತಿದ್ದ ಮಾಡಿನ ಶೀಟ್ ಬದಲಿಸಿದೆವು, ಮನೆ ನೋಡಲು ಬಂದವರಿಗೂ ಅದನ್ನು ಹೇಳಿದೆವು.

ಮನೆ ನೋಡಲು ಬಂದ ಅಕ್ಕ ಶೆಡ್‌ನಲ್ಲೇ ಜಾಸ್ತಿ ಹೊತ್ತು ನಿಂತರು. ಕಾರಿಗಿಂತ, ಮಳೆಗಾಲದಲ್ಲಿ ಅಡಿಕೆ, ಕಟ್ಟಿಗೆ ಇಡಲು ಒಣ ಜಾಗ ಸಿಕ್ಕಿತು ಅಂತ ಅವರಿಗೆ ಖುಷಿ. ಅಡ್ವಾನ್ಸ್ ಕೊಟ್ಟಿದ್ದಾರೆ, ರಿಜಿಸ್ಟ್ರೇಶನ್ ಬಾಕಿ. ಹೇಳಿಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.