ಫೆದರ್ ಡಸ್ಟರ್ ಹುಳ ಗರಿ ಉದುರಿಸಿದೆ, ಬದುಕುತ್ತಾ?

ಕಲಬುರಗಿ_ರೀಫ್:
ನಮಸ್ಕಾರ ಎಲ್ಲರಿಗೂ. 200 ಲೀಟರ್ ಉಪ್ಪುನೀರಿನ ಟ್ಯಾಂಕ್ ಇಟ್ಟು ಎಂಟು ತಿಂಗಳಾಯಿತು. ಅದರಲ್ಲಿ ಒಂದು ಫೆದರ್ ಡಸ್ಟರ್ (ಕೊಳವೆಯೊಳಗೆ ಇದ್ದು ಗರಿ ಮಾತ್ರ ಹೊರಚಾಚುವ ಸಮುದ್ರದ ಹುಳ) ಇದೆ, ಮನೆಯವರಿಗೆಲ್ಲ ಅದೇ ಇಷ್ಟ. ಮೊನ್ನೆ ಬೆಳಗ್ಗೆ ನೋಡಿದರೆ ಬೀಸಣಿಗೆಯಂತಿದ್ದ ಗರಿಗಳು ಪೂರ್ತಿ ಕಳಚಿ ಮರಳಿನ ಮೇಲೆ ಬಿದ್ದಿವೆ, ಕೊಳವೆ ಮಾತ್ರ ನಿಂತಿದೆ. ಸತ್ತೇ ಹೋಯಿತಾ? ಇನ್ನೊಂದು, ಸಂಪಿನ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯ) ಗೋಡೆ ತುಂಬ ಸಾಸಿವೆಯಷ್ಟು ಚಿಕ್ಕ ಬಿಳಿ ಸುರುಳಿಗಳು ಅಂಟಿವೆ. ಕೆರೆದು ತೆಗೆಯಲಾ? ಇಂಥ ಹುಳ ನೀರು ಶುದ್ಧ ಮಾಡುತ್ತವೆ ಅಂತಾರೆ, ಹಾಗಿದ್ದರೆ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಯಂತ್ರ) ನಿಲ್ಲಿಸಬಹುದಾ?

ಬೀದರ್_ಹವಳ:
ಕೊಳವೆ ಎಸೆಯಬೇಡಿ ಅಣ್ಣ! ತೊಂದರೆಯಾದಾಗ ಅದು ಗರಿ ಕಳಚುತ್ತದೆ. ಆ ಗರಿಯಿಂದಲೇ ಅದು ಉಸಿರಾಡುವುದು, ನೀರಲ್ಲಿ ತೇಲುವ ಸಣ್ಣ ಆಹಾರ ಹಿಡಿಯುವುದೂ ಅದರಿಂದಲೇ. ಹುಳ ಬದುಕಿದ್ದರೆ ಕೆಲವು ವಾರಗಳಲ್ಲಿ ಹೊಸ ಗರಿ ಚಿಕ್ಕದಾಗಿ ಹೊರಗೆ ಬರುತ್ತದೆ. ಹುಳವೇ ಕೊಳವೆ ಬಿಟ್ಟು ಹೊರಗೆ ಬಿದ್ದರೆ ಅಥವಾ ಕೊಳವೆ ಕೊಳೆತ ನಾತ ಹೊಡೆದರೆ ಮಾತ್ರ ತೆಗೆಯಿರಿ. ಈ ಬಿಸಿಲಲ್ಲಿ ನೀರು ಎಷ್ಟು ಡಿಗ್ರಿ ಇದೆ, ಉಪ್ಪು ಎಷ್ಟಿದೆ?

ಕಲಬುರಗಿ_ರೀಫ್:
ಫ್ಯಾನ್ ಹಾಕಿ 27 ಡಿಗ್ರಿಯಲ್ಲಿ ಇಟ್ಟಿದ್ದೇನೆ. ಉಪ್ಪು ಈಗ ಅಳೆದೆ, ಸಾಪೇಕ್ಷ ಸಾಂದ್ರತೆ (ಸಿಹಿನೀರಿಗೆ ಹೋಲಿಸಿದ ತೂಕ) 1.029. ನೀರು ದಿನಾ ಇಳಿಯುತ್ತೆ, ಅಷ್ಟಕ್ಕೂ ಉಪ್ಪುನೀರೇ ಬೆರೆಸಿ ಹಾಕುತ್ತಿದ್ದೆ.

ಬೀದರ್_ಹವಳ:
ಹಾಗಾದರೆ ಅದೇ ಕಾರಣ ಇರಬೇಕು. ನಮ್ಮ ಕಡೆಯ ಒಣಗಾಳಿಗೆ ಫ್ಯಾನ್ ಇಟ್ಟರೆ ನೀರು ಜಾಸ್ತಿ ಆವಿಯಾಗುತ್ತದೆ, ಉಪ್ಪು ಮಾತ್ರ ಒಳಗೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಉಪ್ಪುನೀರು ಸುರಿದರೆ ಏರುತ್ತಲೇ ಹೋಗುತ್ತದೆ, ಅಲ್ವಾ? ಆವಿಯಾದಷ್ಟಕ್ಕೆ ಬರೀ ಆರ್‌ಒ ನೀರು ಹಾಕಿ, ಬೋರ್‌ವೆಲ್ ನೀರು ಬೇಡ. 1.025ಕ್ಕೆ ಒಂದೇ ದಿನ ಇಳಿಸಬೇಡಿ, ಮೂರು ನಾಲ್ಕು ದಿನ ತಗೊಳ್ಳಿ.

ಯಾದಗಿರಿ_ಮೀನು:
ಆ ಬಿಳಿ ಸುರುಳಿಗಳೂ ಹುಳಗಳೇ, ಸ್ಪೈರಾರ್ಬಿಡ್ ಅಂತಾರೆ. ಹವಳಕ್ಕೆ ಏನೂ ಮಾಡಲ್ಲ, ಸುಮ್ನೆ ಬಿಡಿ. ಪಂಪಿನ ಒಳಗೆ ಕಟ್ಟಿಕೊಂಡರೆ ಮಾತ್ರ ವಿನೆಗರ್ ಬೆರೆಸಿದ ನೀರಲ್ಲಿ ಪಂಪ್ ನೆನೆಹಾಕಿ ತೊಳೆಯಿರಿ. ಆದರೆ ಕೊಳವೆಯಿಂದ ಜೇಡರ ಬಲೆಯಂತೆ ಲೋಳೆ ಎಳೆ ಬಿಡುತ್ತಿದ್ದರೆ ಅದು ಹುಳವಲ್ಲ, ವರ್ಮೆಟಿಡ್ ಬಸವನಹುಳು. ಅದರ ಎಳೆ ಹವಳಕ್ಕೆ ಕಿರಿಕಿರಿ ಮಾಡುತ್ತದೆ, ಅದನ್ನು ತೆಗೆಯಲೇಬೇಕು.

ಸ್ಕಿಮ್ಮರ್ ಮಾತ್ರ ನಿಲ್ಲಿಸಬೇಡಿ. ಈ ಹುಳಗಳು ತೇಲುವ ಪಾಚಿ, ಬ್ಯಾಕ್ಟೀರಿಯಾ, ಕಸದ ಚೂರು ತಿನ್ನುತ್ತವೆ, ನೀರು ಸ್ವಲ್ಪ ತಿಳಿಯಾಗುತ್ತದೆ, ನಿಜ. ಆದರೆ ನೀರಲ್ಲಿ ಕರಗಿದ ನೈಟ್ರೇಟನ್ನು ಅವು ತೆಗೆಯಲ್ಲ, ಅವೂ ತಿಂದು ಹೊಲಸು ಬಿಡುತ್ತವಲ್ಲ. ಇನ್ನೊಂದು ಕಡೆ, ನೀರು ತೀರಾ ಸ್ವಚ್ಛವಿದ್ದರೆ ದೊಡ್ಡ ಫೆದರ್ ಡಸ್ಟರ್ ಹಸಿವಿನಿಂದಲೇ ಸೊರಗುತ್ತದೆ. ಹೊಸ ಗರಿ ಬಂದ ಮೇಲೆ ವಾರಕ್ಕೆ ಎರಡು ಮೂರು ಸಲ ಜೀವಂತ ಫೈಟೊಪ್ಲಾಂಕ್ಟನ್ (ತೇಲುವ ಸೂಕ್ಷ್ಮ ಪಾಚಿ) ಸ್ವಲ್ಪ ಹಾಕಿ, ಆಗ ಒಂದು ಗಂಟೆ ಸ್ಕಿಮ್ಮರ್ ಆಫ್ ಮಾಡಿ. ಮೀನಿಗೆ ರೋಗ ಬಂದರೂ ಆ ಟ್ಯಾಂಕಿಗೆ ತಾಮ್ರದ ಔಷಧಿ ಹಾಕಬೇಡಿ, ಹುಳ, ಹವಳ, ಸೀಗಡಿ ಎಲ್ಲ ಸಾಯುತ್ತವೆ.

ಕಲಬುರಗಿ_ರೀಫ್:
ಇಬ್ಬರಿಗೂ ತುಂಬಾ ಧನ್ಯವಾದ ರೀ. ಆರ್‌ಒ ಕ್ಯಾನ್ ತರಿಸಿದ್ದೇನೆ, ಸುರುಳಿಗಳನ್ನು ಮುಟ್ಟಲ್ಲ. ಗರಿ ಕಂಡ ದಿನ ಇಲ್ಲೇ ಫೋಟೊ ಹಾಕುತ್ತೇನೆ.